ಕ್ರಿಯಾಟಿನಿನ್ ಏರಿದೆ, ಬೇಳೆ ಬಿಡಬೇಕೇ?

ಪ್ರಶ್ನೆ: ಮೂತ್ರಪಿಂಡದ ಕಾಯಿಲೆಯಿದೆ. ರಕ್ತದಲ್ಲಿ 1.8 ಇದ್ದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ತಿಂಗಳಲ್ಲೇ 2.3 ಆಗಿದೆ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುತ್ತಿದ್ದೇನೆ. ಬೇಳೆ ಬಿಡಲೇ?

ಉತ್ತರ: ಬೇಳೆಯಲ್ಲ, ಮೊದಲು ಆ ಗುಳಿಗೆ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಜೊತೆಗೆ ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರಂತೂ ಅಪಾಯ ಇನ್ನೂ ಹೆಚ್ಚು. ಹಾಗೆಂದು ಬಿಪಿ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಈ ವಾರವೇ ವೈದ್ಯರನ್ನು ಕಂಡು, ಅದೇ ಲ್ಯಾಬಿನಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ಮತ್ತೆ ಪರೀಕ್ಷಿಸಿಕೊಳ್ಳಿ. ಹಿಂದಿನ ರಾತ್ರಿ ಮಾಂಸದೂಟ ಬೇಡ, ಅದೂ ಅಂಕಿ ಏರಿಸುತ್ತದೆ.

ಉಪ್ಪಿನಕಾಯಿ, ಹಪ್ಪಳ ಸೇರಿ ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಲಿ. ‘ಲೋ ಸೋಡಿಯಂ’ ಉಪ್ಪು ಖಂಡಿತ ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ; ಸೋತ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು. ಬೇಳೆಯಂಥ ಪ್ರೊಟೀನ್ ಆಹಾರ ಪೂರ್ತಿ ಬಿಟ್ಟರೆ ಸ್ನಾಯು ಕರಗಿ, ಕ್ರಿಯಾಟಿನಿನ್ ಸುಳ್ಳೇ ಇಳಿದಂತೆ ಕಾಣಬಹುದು. ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ.