ಗುಜರಿಯ ಕ್ಷೌರದ ಕತ್ತಿಗೆ ಯಾವ ಪಾಲಿಶ್ ಯಂತ್ರ ಒಳ್ಳೆಯದು?

ಯಾವುದೂ ಅಲ್ಲ. ಅಗ್ಗಕ್ಕೆ ಸಿಕ್ಕ ತುಕ್ಕು ಹಿಡಿದ ಹಳೆಯ ಕತ್ತಿ, ಅದನ್ನು ಫಳಫಳ ಹೊಳೆಯಿಸಿ ಅದರಲ್ಲೇ ಗಡ್ಡ ಹೆರೆದುಕೊಳ್ಳುವ ಆಸೆ, ಅದಕ್ಕಾಗಿ ಒಂದು ಬಫಿಂಗ್ ಯಂತ್ರ, ಅಂದರೆ ತಿರುಗುವ ಚಕ್ರದಿಂದ ಉಜ್ಜಿ ಹೊಳಪು ಕೊಡುವ ಯಂತ್ರ, ಕೊಳ್ಳುವ ಯೋಚನೆ. ನಿಮ್ಮ ಪ್ರಶ್ನೆಯ ಕೆಳಗೆ ನನ್ನ ಹೆಸರಿದ್ದರೂ ಒಪ್ಪುತ್ತಿತ್ತು.

ನನ್ನದು ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ, ಕೀಲಿ ಕಳೆದ ಬೀಗಗಳ ರಾಶಿಯಲ್ಲಿ ಸಿಕ್ಕಿತ್ತು. ಕೊಂಬಿನ ಹಿಡಿ, ಅಲಗಿನ ಬುಡದಲ್ಲಿ ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್‌ನ ಮುದ್ರೆ, ಅಲಗಿನ ಮೇಲೆ ಚಿನ್ನದ ಲೇಪದ ಮಾಸಿದ ಅಕ್ಷರಗಳು. ತುಕ್ಕೆಲ್ಲ ಬೆನ್ನಿನ ಕಡೆಗಿತ್ತು. ಕತ್ತರಿಸುವ ಬಾಯಿಯಲ್ಲಿ ಒಂದು ಗುಳಿಯೂ ಇರಲಿಲ್ಲ. ಸ್ವಲ್ಪ ಎಣ್ಣೆ, ಒಂದು ಮಸೆಗಲ್ಲು ಸಾಕಾಗುತ್ತಿದ್ದ ಕತ್ತಿ ಅದು. ನಾನು ಪರಿಚಯದವರ ವರ್ಕ್‌ಶಾಪಿಗೆ ಒಯ್ದು ಬಫಿಂಗ್ ಚಕ್ರಕ್ಕೆ ಹಿಡಿದೆ. ಅಕ್ಷರಗಳು ಕಣ್ಣೆದುರೇ ಅಳಿಸಿಹೋದವು. ಅವು ಹೋಗಲಿ, ನಿಜವಾಗಿ ಹೋದದ್ದು ಕಣ್ಣಿಗೆ ಕಾಣುವಂಥದ್ದಲ್ಲ.

ಈ ಕತ್ತಿಗಳ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1ರಷ್ಟಿರುತ್ತದೆ. ಕೆಂಪಗೆ ಕಾಯಿಸಿ, ಅದ್ದಿ, ಗಡಸು ಮಾಡಿ, ಆಮೇಲೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇನ್ನೊಮ್ಮೆ ಕಾಯಿಸಿ ಹದಗೊಳಿಸುತ್ತಾರೆ. ಆ ಶಾಖವನ್ನು ಮೀರಿದರೆ ಗಡಸುತನ ಇಳಿಯುತ್ತದೆ, ತಣ್ಣಗಾದ ಮೇಲೆ ತಾನಾಗಿ ಮರಳುವುದಿಲ್ಲ. ಚಕ್ರಕ್ಕೆ ಹಿಡಿದಾಗ ನನ್ನ ಬೆರಳಿದ್ದದ್ದು ಬೆನ್ನಿನ ಮೇಲೆ. ಬೆನ್ನು ದಪ್ಪ, ಬರೀ ಬೆಚ್ಚಗಾಗಿತ್ತು. ಬಾಯಿಯ ಬಳಿ ಉಕ್ಕು ಕಾಗದಕ್ಕಿಂತ ತೆಳು. ಶಾಖ ಹರಿದುಹೋಗಲು ಅಲ್ಲಿ ಜಾಗವೇ ಇಲ್ಲ, ಕ್ಷಣಮಾತ್ರದಲ್ಲಿ ಏರಿಬಿಡುತ್ತದೆ. ಉಕ್ಕು ನೀಲಿಗಟ್ಟಿದ್ದರೆ ಗೊತ್ತಾಗುತ್ತಿತ್ತಲ್ಲವೇ ಎಂದು ಕೇಳಬಹುದು. 300 ಡಿಗ್ರಿಯ ಹತ್ತಿರ ನೀಲಿ ಬರುವುದು ನಿಜ. ಆದರೆ ಅದು ಮೇಲೆ ಕಟ್ಟುವ ತೆಳು ಪೊರೆ, ಅದನ್ನು ಅದೇ ಚಕ್ರ ಮರುಗಳಿಗೆಯಲ್ಲಿ ಉಜ್ಜಿ ತೆಗೆಯುತ್ತದೆ. ಕೆಡಿಸಿದ ಯಂತ್ರವೇ ಕುರುಹನ್ನೂ ಅಳಿಸಿ ಕೈಗೆ ಕೊಡುತ್ತದೆ.

ಆಮೇಲೆ ಮಸೆದೆ. ಮುಂಗೈ ರೋಮ ಸಲೀಸಾಗಿ ಬಂತು. ಎಡಗೆನ್ನೆ ನುಣ್ಣಗಾಯಿತು. ಬಲಗೆನ್ನೆಗೆ ಬರುವಷ್ಟರಲ್ಲಿ ಕತ್ತಿ ಕೂದಲನ್ನು ಕತ್ತರಿಸುವ ಬದಲು ಕೀಳತೊಡಗಿತು. ಕಲ್ಲಿನ ಮೇಲೆ ಅನುಮಾನ ಬಂತು, ಇನ್ನೂ ನಯವಾದ ಕಲ್ಲು ತಂದೆ. ಮಸೆದ ಮೇಲೆ ಅಲಗನ್ನು ಎಳೆದು ಅಂಚು ನಯಗೊಳಿಸುವ ಚರ್ಮದ ಪಟ್ಟಿ ಬದಲಿಸಿದೆ, ಅದಕ್ಕೆ ಹೊಳಪಿನ ಹಸಿರು ಪೇಸ್ಟ್ ಹಚ್ಚಿದೆ. ಮೂಗಿಗಿಂತ ಮೂಗುತಿ ಭಾರವಾಯಿತು. ಕೊನೆಗೆ ಒಂದು ಸಣ್ಣ ಅರ ತೆಗೆದುಕೊಂಡು ಅಲಗಿನ ಬೆನ್ನಿಗೆ ಎಳೆದೆ. ಗಾಜಿನ ಮೇಲೆ ಎಳೆದಂತೆ ಜಾರಿತು. ಬಾಯಿಯ ನಡುಭಾಗಕ್ಕೆ ತಾಗಿಸಿದರೆ ಕಿರ್ರೆಂದು ಕಚ್ಚಿ, ಬೆರಳ ಮೇಲೆ ಉಕ್ಕಿನ ಪುಡಿ ಉದುರಿತು. ಮೆತ್ತಗಾದ ಭಾಗವನ್ನು ಸವೆಸಿ ತೆಗೆಯಬಹುದಿತ್ತು. ಆದರೆ ಈ ಕತ್ತಿಯಲ್ಲಿ ಮಸೆಯುವ ಕೋನವನ್ನು ನಿರ್ಧರಿಸುವುದು ಬೆನ್ನಿನ ದಪ್ಪ ಮತ್ತು ಅಲಗಿನ ಅಗಲ. ಅಗಲ ಕುಗ್ಗಿದರೆ ಕೋನ ಹಿಗ್ಗುತ್ತದೆ, ಕ್ಷೌರಕ್ಕೆ ಒಗ್ಗುವುದಿಲ್ಲ.

ಹಾಗಾಗಿ ಹೊಳಪಿನ ಮಾತು ಬಿಡಿ. ಗಡ್ಡ ತೆಗೆಯುವುದು ಬಾಯಿಯ ಅಂಚು, ಅಲಗಿನ ಮೈಬಣ್ಣವಲ್ಲ. ಕಪ್ಪು ಕಲೆ ಇದ್ದರೆ ಇರಲಿ, ನನಗಂತೂ ಅದೇ ಚೆಂದ. ಬಾಯಿಗೆ ಟೇಪ್ ಅಂಟಿಸಿ, ಎಣ್ಣೆ ಹಚ್ಚಿ, 1000 ನಂಬರಿನ ನೀರು ಕಾಗದದಿಂದ (ನಯವಾದ ಉಜ್ಜುಕಾಗದ) ಕೆಂಪು ತುಕ್ಕನ್ನಷ್ಟೇ ಕೈಯಿಂದ ಉಜ್ಜಿ. ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬೀದಿಗೆ ಬರುವ ಸಾಣೆಯವರಿಗೂ ಕೊಡಬೇಡಿ. ಈಳಿಗೆಮಣೆಗೆ ಅವರ ಕೈ ಚೆನ್ನ, ಇದಕ್ಕಲ್ಲ. ಕ್ಷೌರದಂಗಡಿಯಲ್ಲಿ ಕೇಳೋಣವೆಂದರೆ ಅಲ್ಲೀಗ ಹೆಚ್ಚಾಗಿ ಇರುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ.

ಹಣವನ್ನು ಕಲ್ಲಿಗೆ ಹಾಕಿ. ನಂಬರ್ ಏರಿದಷ್ಟೂ ಕಲ್ಲು ನಯ. ಮೊದಲು 1000, ಆಮೇಲೆ 4000 ಮತ್ತು 8000, ಮನಸ್ಸಿದ್ದರೆ 12000. ಕಲ್ಲು ಸಮತಟ್ಟಾಗಿರಲಿ. ಅಡುಗೆಮನೆಯ ಚಾಕುವಿನಂತೆ ಬೆನ್ನೆತ್ತಿ ಮಸೆಯಬೇಡಿ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಬೆನ್ನು ಸವೆಯದಿರಲು ಅದಕ್ಕೆ ಒಂದು ಪದರ ಇನ್ಸುಲೇಷನ್ ಟೇಪ್ ಸುತ್ತಿ. 1000ರ ಕಲ್ಲಿನಲ್ಲೇ ಬಾಯಿ ಉದ್ದಕ್ಕೂ ಮುಂಗೈ ರೋಮ ಕತ್ತರಿಸುವಂತಾಗದ ಹೊರತು ಮುಂದಿನ ಕಲ್ಲಿಗೆ ಹೋಗಬೇಡಿ, ಬಹುತೇಕರು ಆತುರಪಡುವುದು ಇಲ್ಲೇ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಲಿ. ಚರ್ಮದ ಪಟ್ಟಿಯಲ್ಲಿ ದಿಕ್ಕು ತಿರುವುಮುರುವು, ಬೆನ್ನು ಮುಂದೆ, ಬಾಯಿ ಹಿಂದೆ. ಮೊದಲ ದಿನ ಕೆನ್ನೆಗಳಷ್ಟೇ ಸಾಕು. ಗದ್ದಕ್ಕೆ ನಿಮ್ಮ ಎಂದಿನ ರೇಜರ್ ಬಳಸಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ಭೂತಗನ್ನಡಿ ಹಿಡಿದು ಬಾಯಿಯನ್ನು ತುದಿಯಿಂದ ಬುಡದವರೆಗೆ ನೋಡಿ. ಬಾಯಿಯವರೆಗೆ ಇಳಿದ ತುಕ್ಕಿನ ಗುಳಿಗಳಿದ್ದರೆ ಮಸೆದಷ್ಟೂ ಅಂಚು ಉದುರುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರಂತೂ ಆ ಕತ್ತಿಯನ್ನು ಮುಖದ ಹತ್ತಿರ ತರಬೇಡಿ, ಇನ್ನೊಂದನ್ನು ಹುಡುಕಿ.