ತುರಿಕೆಯಿಲ್ಲದ ಊತ ಅಲರ್ಜಿನಾ?

ಪ್ರಶ್ನೆ: ನನಗೆ 34 ವರ್ಷ. ಆಗಾಗ ತುಟಿ, ಕೈ ಊದಿಕೊಂಡು ಎರಡು ಮೂರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ. ಅಲರ್ಜಿ ಮಾತ್ರೆ ನುಂಗಿ ನುಂಗಿ ಸಾಕಾಗಿದೆ. ಹೋದ ತಿಂಗಳು ಹಲ್ಲು ಕೀಳಿಸಿದ ರಾತ್ರಿ ಗಂಟಲೇ ಊದಿ ಎಂಜಲು ನುಂಗಲೂ ಆಗಲಿಲ್ಲ. ಅಪ್ಪನಿಗೂ ಹೀಗೇ ಆಗುತ್ತಿತ್ತು. 6 ವರ್ಷದ ಮಗಳಿಗೂ ಇದು ಬರುತ್ತದಾ?

ಉತ್ತರ: ಊದಿದ ಕಡೆ ತುರಿಕೆ ಇತ್ತಾ, ದದ್ದು ಎದ್ದಿತ್ತಾ? ಅದನ್ನು ನೀವು ಬರೆದಿಲ್ಲ. ಎರಡೂ ಇರಲಿಲ್ಲ ಅಂತಾದರೆ ನನ್ನ ಅನುಮಾನ ಹೆರಿಡಿಟರಿ ಆಂಜಿಯೋಎಡಿಮಾ, ಅಂದರೆ ವಂಶದಲ್ಲಿ ಹರಿದುಬರುವ ಊತದ ಕಾಯಿಲೆ ಮೇಲೆ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಅಪರೂಪವಾದ್ದರಿಂದ ವರ್ಷಗಟ್ಟಲೆ ಅಲರ್ಜಿ ಲೆಕ್ಕಕ್ಕೇ ಹೋಗಿಬಿಡುತ್ತದೆ. ಅಪ್ಪನಿಗೆ ಕಾರಣವೇ ಗೊತ್ತಾಗದ ಹೊಟ್ಟೆನೋವು, ವಾಂತಿ ಬರುತ್ತಿತ್ತಾ ಎಂದು ಮನೆಯಲ್ಲಿ ಕೇಳಿ ನೋಡಿ. ಕರುಳು ಊದಿದರೂ ಹಾಗಾಗುತ್ತದೆ. ಸುಮ್ನೆ ಅಪೆಂಡಿಕ್ಸ್ ತೆಗೆಸಿಕೊಂಡವರೂ ಇದ್ದಾರೆ!

ಅಲರ್ಜಿಯಲ್ಲಿ ಊತ ತರುವುದು ಮುಖ್ಯವಾಗಿ ದೇಹದಲ್ಲೇ ಬರುವ ಹಿಸ್ಟಮಿನ್ ಎಂಬ ರಾಸಾಯನಿಕ. ಇಲ್ಲಿ ಬ್ರಾಡಿಕೈನಿನ್ ಎಂಬ ಇನ್ನೊಂದು. ಅದು ಮಿತಿಮೀರದಂತೆ ತಡೆಯುವ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನ್ ನಿಮ್ಮಲ್ಲಿ ಕಡಿಮೆ ಇರಬಹುದು, ಅಥವಾ ಇದ್ದೂ ಕೆಲಸ ಮಾಡದಿರಬಹುದು. ಆಗ ಸಣ್ಣ ರಕ್ತನಾಳಗಳಿಂದ ನೀರು ಸೋರುತ್ತದೆ. ಅಲರ್ಜಿ ಮಾತ್ರೆ, ಸ್ಟೀರಾಯ್ಡ್ ಇದಕ್ಕೆ ನಾಟುವುದಿಲ್ಲ.

ನನಗೆ ಹೆದರಿಕೆಯಾಗಿದ್ದು ನಿಮ್ಮ ಹಲ್ಲಿನ ವಿಷಯ ಓದಿ. ಬಾಯಲ್ಲಿ ಗಾಯವಾದರೆ ಊತ ಗಂಟಲಿಗೆ ಇಳಿಯಬಹುದು, ಅದೂ ಕೆಲವು ಗಂಟೆ ಬಿಟ್ಟು, ಎಲ್ಲ ಸರಿಯಾಯಿತು ಅನ್ನುವಾಗ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ, ದನಿ ಒಡೆಯುತ್ತದೆ, ಜೊಲ್ಲು ಸುರಿಯುತ್ತದೆ. ಆಗ ಬೆಳಗಾಗಲಿ ಎಂದು ಕಾಯಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ, ಅಪ್ಪನ ವಿಷಯವನ್ನೂ ಹೇಳಿ. ಉಸಿರಿನ ದಾರಿ ಮುಚ್ಚಿಕೊಂಡರೆ ಜೀವಕ್ಕೇ ಕುತ್ತು.

ರಕ್ತದಲ್ಲಿ ಸಿ4 ಎಂಬ ಇನ್ನೊಂದು ಪ್ರೋಟೀನ್, ಸಿ1 ಇನ್ಹಿಬಿಟರ್ ಎಷ್ಟಿದೆ, ಸಿ1 ಇನ್ಹಿಬಿಟರ್ ಕೆಲಸ ಮಾಡುತ್ತಿದೆಯಾ ಎಂದು ಪರೀಕ್ಷೆ ಮಾಡಿಸಿ. ನಿಮಗೆ ಕಾಯಿಲೆ ಇರುವುದು ಖಚಿತವಾದರೆ, ಅದು ಮಗಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಈಗ ಆರಾಮಾಗಿದ್ದಾಳೆ ಅಂತ ಬಿಡಬೇಡಿ, ಅವಳಿಗೂ ಮಾಡಿಸಿ. ಎಷ್ಟೋ ಜನರಿಗೆ ಮೊದಲ ಊತ ಬರುವುದು ಚಿಕ್ಕ ವಯಸ್ಸಿನಲ್ಲೇ.

ಔಷಧ ಇದೆ. ಬ್ರಾಡಿಕೈನಿನ್ ಕೆಲಸವನ್ನು ತಡೆಯುವ ಐಕ್ಯಾಟಿಬ್ಯಾಂಟ್ ಇಂಜೆಕ್ಷನ್ನನ್ನು ಕಲಿತು ಮನೆಯಲ್ಲೇ ತೆಗೆದುಕೊಳ್ಳಬಹುದು. ಸಿ1 ಇನ್ಹಿಬಿಟರನ್ನೇ ಕೊಡುವುದೂ ಉಂಟು. ಮನೆಯಲ್ಲಿಟ್ಟರೂ ಗಂಟಲು ಊದಿದರೆ ಚುಚ್ಚಿಕೊಂಡು ಆಸ್ಪತ್ರೆಗೆ ಹೋಗಲೇಬೇಕು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಎನಲಾಪ್ರಿಲ್, ರ‍್ಯಾಮಿಪ್ರಿಲ್ ಥರದ ಬಿಪಿ ಮಾತ್ರೆ ಊತ ಜಾಸ್ತಿ ಮಾಡುತ್ತವೆ. ಇವನ್ನು ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಡಾಕ್ಟರಿಗೆ ತಿಳಿಸಿ.

ಹಲ್ಲಿನ ಕೆಲಸ ಇನ್ನೂ ಬಾಕಿ ಇದೆಯಾ? ತುರ್ತಿಲ್ಲದಿದ್ದರೆ ರಿಪೋರ್ಟ್ ಬರುವ ತನಕ ಮುಂದಕ್ಕೆ ಹಾಕಿ.