ಹೊಸ ಕಾರು ಬಂತು, ಸ್ವಿಚ್‌ಗಳ ಪರಿಚಯ ಆಯ್ತಾ?

ಕಾರಿನ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಹದಿನಾರು ವರ್ಷ ಒಂದೇ ಕಾರು ಓಡಿಸಿದವನು ನಾನು. ಹೋದ ತಿಂಗಳು ಹೊಸದು ತಗೊಂಡೆವು. ಡೆಲಿವರಿ ದಿನ ಪೂಜೆ, ಫೋಟೊ, ನಿಂಬೆಹಣ್ಣಿನ ಗಡಿಬಿಡಿ. ಅದರ ನಡುವೆ ಶೋರೂಮ್ ಹುಡುಗ ಏನೇನೋ ಹೇಳಿಕೊಟ್ಟ, ಒಂದೂ ತಲೆಯಲ್ಲಿ ಉಳಿದಿಲ್ಲ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡುತ್ತದೆ. ಬೆಂಗಳೂರಿನಲ್ಲಿರುವ ಮಗ ‘ಯೂಟ್ಯೂಬ್ ನೋಡಪ್ಪಾ’ ಅಂತಾನೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ನಿಂತ ಕಾರಿನಿಂದ ಶುರು ಮಾಡಿ. ಹೊಸ ಕಾರನ್ನು ರಸ್ತೆಯಲ್ಲಿ ಓಡಿಸುತ್ತಾ ಕಲಿಯುತ್ತೇನೆ ಅನ್ನುವುದು ಬೇಡ. ಪಿ.ಬಿ. ರಸ್ತೆಯಲ್ಲಿ ಆಟೊ, ಬೈಕು, ಬಸ್ಸುಗಳ ನಡುವೆ ಕಣ್ಣು ಸ್ವಿಚ್ ಹುಡುಕಬಾರದು. ಅಲ್ಲಿ ಕಣ್ಣಿಗೆ ಬೇರೆ ಕೆಲಸ ಇರುತ್ತದೆ, ಅಲ್ವಾ?

ವೈಪರ್ ಆಡಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಜಾಸ್ತಿ ಓಡಾಡುವ ಮಾರುತಿ, ಹ್ಯುಂಡೈ, ಟಾಟಾ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗ್‌ನ ಬಲಕ್ಕಿರುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಅದು ಎಡಕ್ಕೆ. ಹದಿನಾರು ವರ್ಷದ ಕೈರೂಢಿ ಒಂದು ತಿಂಗಳಲ್ಲಿ ಬದಲಾಗುವುದಿಲ್ಲ, ಅಭ್ಯಾಸ ಬೇಕು.

ಒಂದು ಭಾನುವಾರ ಬೆಳಿಗ್ಗೆ ಕಾರನ್ನು ಮನೆ ಮುಂದೆ ನೆರಳಲ್ಲಿ ನಿಲ್ಲಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಬಟನ್ ಸ್ಟಾರ್ಟ್ ಕಾರಾದರೆ ಬ್ರೇಕ್, ಕ್ಲಚ್ ಯಾವುದನ್ನೂ ತುಳಿಯದೆ ಬಟನ್ ಒತ್ತಿ, ಕೆಲವು ಕಾರುಗಳಲ್ಲಿ ಎರಡು ಸಲ ಒತ್ತಬೇಕು. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಓಡಿಸಿಕೊಂಡು ಕೂರಬೇಡಿ. ಆ ಹೊಗೆ ವಿಷ, ಪ್ರಾಣಕ್ಕೇ ಅಪಾಯ.

ಮೊದಲು ಕೂರುವ ರೀತಿ ಸರಿಮಾಡಿಕೊಳ್ಳಿ. ಬ್ರೇಕ್ ಪೂರ್ತಿ ತುಳಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಮೇಲ್ತುದಿಗೆ ತಾಗಬೇಕು. ಎದೆಗೂ ಸ್ಟೀರಿಂಗ್‌ಗೂ ನಡುವೆ ಕನಿಷ್ಠ 25 ಸೆಂ.ಮೀ. ಜಾಗ ಇರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟು ಬೇಕು. ಸೀಟ್ ಎತ್ತರ, ಸ್ಟೀರಿಂಗ್ ಎತ್ತರ ಎರಡನ್ನೂ ಹೊಂದಿಸಿ. ಕನ್ನಡಿಗಳ ಸರದಿ ಆಮೇಲೆ, ಯಾಕೆಂದರೆ ಸೀಟ್ ಜರುಗಿದರೆ ಕನ್ನಡಿಯ ಲೆಕ್ಕವೆಲ್ಲ ತಪ್ಪುತ್ತದೆ.

ನಂತರ ಡಿಮ್-ಡಿಪ್, ವೈಪರ್, ಗ್ಲಾಸಿಗೆ ನೀರು ಚಿಮ್ಮಿಸುವುದು, ಹಾರ್ನ್, ನಾಲ್ಕೂ ಇಂಡಿಕೇಟರ್ ಮಿನುಗಿಸುವ ಕೆಂಪು ತ್ರಿಕೋನದ ಹಜಾರ್ಡ್ ಬಟನ್, ಮುಂದಿನ ಗ್ಲಾಸಿನ ಮಂಜು ತೆಗೆಯುವ ಬಟನ್. ಜೀವಕ್ಕೆ ಸಂಬಂಧಿಸಿದವು ಇಷ್ಟೇ. ಹಾಡು, ಬ್ಲೂಟೂತ್, ಬಣ್ಣದ ಲೈಟುಗಳನ್ನು ಮೊದಲ ವಾರ ಮುಟ್ಟದಿದ್ದರೂ ನಡೆಯುತ್ತದೆ. ಶೋರೂಮಿನವರು ಮೊದಲು ತೋರಿಸುವುದೇ ಅವನ್ನು, ಅದು ನನಗೆ ಸರಿ ಕಾಣುವುದಿಲ್ಲ.

ಈಗ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣು ಮುಚ್ಚಿ. ಅವರು ‘ವೈಪರ್’ ಅಂದರೆ ನಿಮ್ಮ ಕೈ ವೈಪರ್‌ಗೆ ಹೋಗಬೇಕು. ‘ಡಿಮ್’, ‘ಎಡ ಇಂಡಿಕೇಟರ್’, ‘ಹಜಾರ್ಡ್’ ಅಂತ ಹಿಂದುಮುಂದಾಗಿ ಕೇಳಲಿ. ತಡಕಾಡದೆ ಕೈ ಹೋಗುವ ತನಕ ಮಾಡಿ. ಆಮೇಲೆ ಜಾಗ ಬದಲಿಸಿ ಅವರಿಗೂ ಮಾಡಿಸಿ. ಮನೆಯಲ್ಲಿ ಯಾರ್‍ಯಾರು ಕಾರು ಓಡಿಸುತ್ತಾರೋ ಅವರೆಲ್ಲರಿಗೂ ಇದು ಬೇಕು.

ಹೆಚ್ಚಿನವರು ಮುಟ್ಟದೇ ಬಿಡುವ ಒಂದು ಚಿಕ್ಕ ಗಾಲಿ ಇದೆ. ಸ್ಟೀರಿಂಗ್‌ನ ಬಲಕ್ಕೆ, ಡ್ಯಾಶ್‌ಬೋರ್ಡಿನ ಕೆಳಗಡೆ ನೋಡಿ. 0, 1, 2, 3 ಅಂತ ಬರೆದಿರುತ್ತದೆ, ಪಕ್ಕದಲ್ಲಿ ಹೆಡ್‌ಲೈಟಿನ ಚಿತ್ರ. ಅದು ಬೆಳಕನ್ನು ಕೆಳಗಿಳಿಸುವ ಗಾಲಿ. ನೀವೊಬ್ಬರೇ ಇದ್ದರೆ 0 ಸಾಕು. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಎರಡು ಅಕ್ಕಿ ಚೀಲ ಅಂದುಕೊಳ್ಳಿ. ಕಾರಿನ ಹಿಂಭಾಗ ಕುಸಿಯುತ್ತದೆ, ಮುಂಭಾಗ ಮೇಲೇಳುತ್ತದೆ. ಆಗ ನೀವು ಡಿಮ್ ಮಾಡಿದ್ದರೂ ಬೆಳಕು ನೇರ ಎದುರಿನವರ ಕಣ್ಣಿಗೆ. ಚನ್ನಗಿರಿ ಕಡೆಯ ರಸ್ತೆಯಲ್ಲಿ ರಾತ್ರಿ ಬೈಕಿನಲ್ಲಿ ಬರುವವನಿಗೆ ಮುಂದಿನ ಗುಂಡಿ ಕಾಣುವುದಿಲ್ಲ, ದಾರಿ ಬದಿಯಲ್ಲಿ ನಡೆಯುವವರು ಕಾಣುವುದಿಲ್ಲ. ಗಾಲಿಯನ್ನು 2ಕ್ಕೋ 3ಕ್ಕೋ ತಿರುಗಿಸಿ. ಸಂಜೆ ಗೋಡೆ ಎದುರು ಕಾರು ನಿಲ್ಲಿಸಿ ತಿರುಗಿಸಿ ನೋಡಿ, ಬೆಳಕು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಕೆಲವು ಕಾರುಗಳಲ್ಲಿ ಇದು ತಾನಾಗಿಯೇ ಆಗುತ್ತದೆ, ಅಂಥದ್ದರಲ್ಲಿ ಗಾಲಿ ಇರುವುದಿಲ್ಲ.

ಬ್ರೇಕಿನ ವಿಷಯವನ್ನು ಬಿಡಿಸಿ ಹೇಳಬೇಕು. ನಿಮ್ಮ ಹಳೇ ಕಾರಿನಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಇಲ್ಲದೇ ಇದ್ದಿರಬಹುದು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಅದು ಕಡ್ಡಾಯ. ಹಳೇ ಕಾರಿನಲ್ಲಿ ಚಕ್ರ ಜಾಮ್ ಆಗದಿರಲಿ ಅಂತ ಬಿಟ್ಟು ಬಿಟ್ಟು ಬ್ರೇಕ್ ಒತ್ತುತ್ತಿದ್ದಿರಿ. ಈ ಕಾರಿನಲ್ಲಿ ಹಾಗೆ ಮಾಡಬೇಡಿ. ಜೋರಾಗಿ ಬ್ರೇಕ್ ಹಾಕುವ ಸಂದರ್ಭ ಬಂದರೆ ಗಟ್ಟಿಯಾಗಿ ತುಳಿದು ಹಾಗೇ ಹಿಡಿಯಿರಿ. ಪೆಡಲ್ ಕಾಲಿನ ಕೆಳಗೆ ಟಕಟಕ ನಡುಗುತ್ತದೆ, ಸದ್ದೂ ಬರುತ್ತದೆ. ಎಷ್ಟೋ ಜನ ಅದಕ್ಕೆ ಹೆದರಿ ಕಾಲು ತೆಗೆಯುತ್ತಾರೆ. ತೆಗೆಯಬೇಡಿ. ಎಬಿಎಸ್ ಕೆಲಸ ಮಾಡುವ ರೀತಿಯೇ ಅದು. ಆ ಹೊತ್ತಿನಲ್ಲೂ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತದೆ, ಅಡ್ಡ ಬಂದದ್ದನ್ನು ತಪ್ಪಿಸಿಕೊಂಡು ಹೋಗಬಹುದು.

ಮಗ ಹೇಳಿದ್ದು ತಪ್ಪಲ್ಲ, ವಿಡಿಯೊ ನೋಡಿ. ಆದರೆ ಕಾರಿನ ಜೊತೆ ಬಂದ ಬುಕ್ ಅದಕ್ಕಿಂತ ದೊಡ್ಡದು. ಅದರಲ್ಲಿ ಎಲ್ಲ ಮಾಡೆಲ್‌ಗಳ ವಿವರ ಒಟ್ಟಿಗೆ ಇರುತ್ತದೆ. ಹಾಗಾಗಿ ಬುಕ್ಕಿನಲ್ಲಿ ಇದ್ದದ್ದು ನಿಮ್ಮ ಕಾರಿನಲ್ಲಿ ಇಲ್ಲ ಅಂದರೆ ಯಾರೋ ಮೋಸ ಮಾಡಿದರು ಅಂದುಕೊಳ್ಳಬೇಡಿ, ಮೇಲಿನ ಮಾಡೆಲ್‌ಗೆ ಮಾತ್ರ ಅದು ಇರಬಹುದು.

ಇಷ್ಟಾದ ಮೇಲೆ ಬೆಳಿಗ್ಗೆ ಆರರ ಹೊತ್ತಿಗೆ ಕುಂದುವಾಡ ಕೆರೆ ಕಡೆ ಒಂದು ಸುತ್ತು ಹೋಗಿಬನ್ನಿ. ವಾಕಿಂಗ್‌ಗೆ ಬರುವವರು ಇರುತ್ತಾರೆ, ನಿಧಾನ. ಮೊದಲ 1000 ಕಿ.ಮೀ. ತನಕ ಎಂಜಿನ್ ಕಿರುಚುವ ಹಾಗೆ ಎಳೆಯಬೇಡಿ. ಹೈವೇಯಲ್ಲಿ ತುಂಬಾ ಹೊತ್ತು ಒಂದೇ ವೇಗದಲ್ಲೂ ಹೋಗಬೇಡಿ. ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ಇದ್ದರೆ ಅದರ ಪರಿಚಯ ಆಮೇಲೆ ಮಾಡಿಕೊಂಡರಾಯಿತು.

ಪ್ರಶ್ನೆ: ನಮ್ಮ ಮನೆ ಕೋಟೆ ಕಡೆಯ ಏರಿನಲ್ಲಿದೆ. ಗೇರ್ ತಾನಾಗಿಯೇ ಬದಲಾಗುವ ಹೊಸ ಎಎಂಟಿ ಕಾರು ತಗೊಂಡಿದ್ದೇನೆ. ಏರಿನಲ್ಲಿ ಮುಂದಿನ ಗಾಡಿ ನಿಂತರೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಕಾರನ್ನು ನಿಲ್ಲಿಸಿಕೊಳ್ಳುತ್ತೇನೆ. ಮೊನ್ನೆ ಸುಟ್ಟ ವಾಸನೆ ಬಂತು. ಗೇರಿನಲ್ಲಿ ‘ಪಿ’ ಕೂಡ ಇಲ್ಲ, ಪಾರ್ಕ್ ಮಾಡುವುದು ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ವಾಸನೆ ಕ್ಲಚ್ಚಿನದು. ಹಾಗೆ ಹಿಡಿಯುವುದನ್ನು ಇವತ್ತೇ ಬಿಡಿ. ಎಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಕ್ಲಚ್ ಒಳಗೆ ಇದ್ದೇ ಇದೆ. ನಿಮ್ಮ ಕಾಲಿನ ಬದಲು ಮೋಟಾರು ಅದನ್ನು ಆಡಿಸುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರು ನಿಲ್ಲಿಸಿದರೆ ಅರ್ಧ ಹಿಡಿದ ಕ್ಲಚ್ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ.

ಏರಿನಲ್ಲಿ ನಿಂತರೆ ಕಾಲು ಬ್ರೇಕ್ ಮೇಲಿರಲಿ. ಜಾಸ್ತಿ ಹೊತ್ತು ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊರಡುವಾಗ ಹ್ಯಾಂಡ್‌ಬ್ರೇಕ್ ಇರುವಾಗಲೇ ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಕೂಡಲೇ ಹ್ಯಾಂಡ್‌ಬ್ರೇಕ್ ಬಿಡಿ. ನಿಮ್ಮ ಕಾರಿನಲ್ಲಿ ಹಿಲ್ ಹೋಲ್ಡ್ ಇದ್ದರೆ ಬ್ರೇಕಿನಿಂದ ಕಾಲು ತೆಗೆದ ಮೇಲೂ ಸುಮಾರು ಎರಡು ಸೆಕೆಂಡು ಕಾರು ಹಿಂದಕ್ಕೆ ಜಾರುವುದಿಲ್ಲ. ಅಷ್ಟರೊಳಗೆ ಕಾಲು ಆಕ್ಸಿಲರೇಟರ್‌ಗೆ ಹೋಗಬೇಕು. ಆಮೇಲೆ ಅದು ಕಾರನ್ನು ಬಿಟ್ಟುಬಿಡುತ್ತದೆ.

ಪಾರ್ಕ್ ಮಾಡುವಾಗ ಬ್ರೇಕ್ ತುಳಿದುಕೊಂಡೇ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಕಾರಿನ ಮೂಗು ಏರಿಗಿದ್ದರೆ ಮುಂದಿನ ಗೇರಿನಲ್ಲಿ, ಇಳಿಜಾರಿಗಿದ್ದರೆ ರಿವರ್ಸ್‌ನಲ್ಲಿ ಇಟ್ಟು ಎಂಜಿನ್ ಆಫ್ ಮಾಡಿ. ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಡಿ. ಗೇರ್ ಕೂತಿದೆಯೇ ಅಂತ ಮೀಟರಿನಲ್ಲಿ ಅಕ್ಷರ ನೋಡಿ ಇಳಿಯಿರಿ. ವಾಸನೆ ಮತ್ತೆ ಬಂದರೆ ಸರ್ವಿಸ್‌ನಲ್ಲಿ ಕ್ಲಚ್ ತೋರಿಸಿ.

ಪ್ರಶ್ನೆ: ಮಳೆಯಲ್ಲಿ ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಹೋಗುವಾಗ ಮುಂದಿನ ಗ್ಲಾಸೆಲ್ಲ ಮಂಜು. ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಯಿತು. ಯಾವ ಬಟನ್ ಒತ್ತಬೇಕು?
– ಓದುಗರು, ಹರಿಹರ

ಉತ್ತರ: ಕಾರಿನ ಚಿತ್ರದೊಳಗೆ ಸುತ್ತಿಕೊಂಡ ಬಾಣ ಇರುವ ಬಟನ್ ನೋಡಿ. ಅದು ಆನ್ ಇದ್ದರೆ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. ನಾಲ್ಕು ಜನ ಉಸಿರು ಬಿಟ್ಟ ತೇವವೆಲ್ಲ ತಣ್ಣನೆಯ ಗ್ಲಾಸಿಗೆ ಅಂಟಿಕೊಳ್ಳುತ್ತದೆ. ಅದನ್ನು ಆಫ್ ಮಾಡಿ ಹೊರಗಿನ ಗಾಳಿ ಬಿಡಿ. ಗಾಳಿಯನ್ನು ಮುಂದಿನ ಗ್ಲಾಸಿನ ಕಡೆ ತಿರುಗಿಸಿ. ಎಸಿ ಆನ್ ಮಾಡಿ. ಚಳಿ ಅಂತ ಎಸಿ ಆಫ್ ಮಾಡಬೇಡಿ, ಗಾಳಿಯ ತೇವ ಹೀರುವುದೇ ಎಸಿ. ಬೇಕಾದರೆ ಬಿಸಿ ಕಡೆಗೆ ತಿರುಗಿಸಿಕೊಳ್ಳಿ, ಎಸಿ ಮತ್ತು ಬಿಸಿ ಎರಡೂ ಒಟ್ಟಿಗೆ ನಡೆಯುತ್ತವೆ. ಮಂಜು ಗ್ಲಾಸಿನ ಹೊರಗಡೆ ಕೂತಿದ್ದರೆ ಲೆಕ್ಕ ಬೇರೆ. ಆಗ ವೈಪರ್ ಹಾಕಿ, ಎಸಿಯ ತಂಪು ಕಡಿಮೆ ಮಾಡಿ.

ಲಾರಿ ಹಿಂದಿನ ದೂಳು, ಮಂಡಕ್ಕಿ ಭಟ್ಟಿಗಳ ಕಡೆಯ ಹೊಗೆ ಇರುವಲ್ಲಿ ಆ ಸುತ್ತು ಬಾಣದ ಬಟನ್ ಒಳ್ಳೆಯದು. ದಾಟಿದ ಮೇಲೆ ಆಫ್ ಮಾಡಿ. ಕಾರು ತುಂಬ ಜನ ಕೂತು ಗಂಟೆಗಟ್ಟಲೆ ಒಳಗಾಳಿಯಲ್ಲೇ ಹೋದರೆ ಓಡಿಸುವವರಿಗೆ ಜೊಂಪು ಹತ್ತುತ್ತದೆ.

ಪ್ರಶ್ನೆ: ಬೆಂಗಳೂರಿಗೆ ಹೋಗುವಾಗ ಹಿರಿಯೂರು ದಾಟಿದ ಮೇಲೆ ಕಾರು ಆಗಾಗ ‘ಟಣ್’ ಅನ್ನುತ್ತದೆ. ಹೊಸ ಕಾರಿಗೇ ತೊಂದರೆಯಾ? ಮೀಟರಿನಲ್ಲಿ ಹಳದಿ, ಕೆಂಪು ಲೈಟುಗಳೂ ಅರ್ಥವಾಗುವುದಿಲ್ಲ.
– ಓದುಗರು, ಹೊಳಲ್ಕೆರೆ

ಉತ್ತರ: ಸದ್ದು ತೊಂದರೆಯದ್ದಲ್ಲ, ವೇಗದ್ದು. 2019ರ ಜುಲೈನಿಂದ ತಯಾರಾದ ಕಾರುಗಳು 80 ಕಿ.ಮೀ. ದಾಟಿದರೆ ಆಗಾಗ ಎಚ್ಚರಿಸುತ್ತವೆ, 120 ದಾಟಿದರೆ ನಿಲ್ಲದೆ ಕೂಗುತ್ತವೆ. ಅದನ್ನು ತೆಗೆಸಲು ಹೋಗಬೇಡಿ.

ಲೈಟುಗಳಿಗೆ ಬಣ್ಣವೇ ಮೊದಲ ಗುರುತು. ಕೆಂಪು ಅಂದರೆ ನಿಲ್ಲಿಸಿ. ಹಳದಿ ಅಂದರೆ ಬೇಗ ತೋರಿಸಿ. ಹಸಿರು, ನೀಲಿ ಅಂದರೆ ಏನೋ ಆನ್ ಇದೆ ಅಷ್ಟೇ. ಕೆಂಪಿನಲ್ಲಿ ಎಣ್ಣೆ ಗಿಂಡಿಯ ಚಿತ್ರ ಬಂದರೆ ಬದಿಗೆ ಹಾಕಿ ತಕ್ಷಣ ಎಂಜಿನ್ ಆಫ್ ಮಾಡಿ, ‘ಮುಂದಿನ ಊರಿನ ತನಕ ಹೋಗೋಣ’ ಅಂದರೆ ಎಂಜಿನ್ನೇ ಹೋಗುತ್ತದೆ. ಥರ್ಮಾಮೀಟರಿನ ಚಿತ್ರ ಕೆಂಪಾದರೂ ನಿಲ್ಲಿಸಿ, ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಅದೇ ಚಿತ್ರ ಬೆಳಿಗ್ಗೆ ನೀಲಿಯಾಗಿ ಕಂಡರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ. ಎಂಜಿನ್ ಆಕಾರದ ಹಳದಿ ಲೈಟ್ ಸುಮ್ನೆ ಉರಿಯುತ್ತಿದ್ದರೆ ಮೆಲ್ಲಗೆ ಸರ್ವಿಸ್‌ಗೆ ಹೋಗಿ, ಮಿನುಗುತ್ತಿದ್ದರೆ ವೇಗ ಇಳಿಸಿ ನಿಲ್ಲಿಸಿ ಫೋನ್ ಮಾಡಿ. ಕುದುರೆ ಲಾಳದಂಥ ಚಿತ್ರದ ನಡುವೆ ಆಶ್ಚರ್ಯ ಚಿಹ್ನೆ ಇದ್ದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಎಷ್ಟು ಗಾಳಿ ಇರಬೇಕು ಅನ್ನುವುದನ್ನು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕರ್‌ನಲ್ಲಿ ಬರೆದಿರುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಅಂದಾಜಿನಲ್ಲಿ ಹಾಕಿಸಬೇಡಿ.

ಪ್ರಶ್ನೆ: ಹೊಸ ಕಾರಿನಲ್ಲಿ ಆರು ಏರ್‌ಬ್ಯಾಗ್ ಇದೆ. ಎರಡು ವರ್ಷದ ಮೊಮ್ಮಗಳು ಮುಂದಿನ ಸೀಟೇ ಬೇಕು ಅಂತ ಹಟ ಮಾಡುತ್ತಾಳೆ. ತೊಡೆ ಮೇಲೆ ಕೂರಿಸಿಕೊಂಡರೆ ಸಾಕಲ್ವಾ?
– ಓದುಗರು, ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ಉತ್ತರ: ಬೇಡ. ಒಂದು ಸಲವೂ ಬೇಡ, ಬೀದಿ ಕೊನೆಯ ಅಂಗಡಿಗೂ ಬೇಡ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಸಿಡಿದು ತುಂಬುತ್ತದೆ. ಅದು ಬೆಲ್ಟ್ ಹಾಕಿ ಹಿಂದಕ್ಕೆ ಒರಗಿ ಕೂತ ದೊಡ್ಡವರಿಗಾಗಿ ಮಾಡಿದ್ದು. ತೊಡೆ ಮೇಲಿನ ಮಗು ಅದಕ್ಕೂ ನಿಮಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಗುದ್ದಿದ ಕ್ಷಣದಲ್ಲಿ ಯಾರ ತೋಳಿಗೂ ಮಗುವನ್ನು ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ. ಆರು ಏರ್‌ಬ್ಯಾಗ್ ಇದ್ದರೂ ಬೆಲ್ಟ್ ಹಾಕದಿದ್ದರೆ ದೊಡ್ಡವರಿಗೂ ಅದು ಪೂರ್ತಿ ಕಾಪಾಡುವುದಿಲ್ಲ.

ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗ ಸೇರುವಲ್ಲಿ ಬೆರಳು ಹಾಕಿ ನೋಡಿ. ಗಟ್ಟಿ ಕಬ್ಬಿಣದ ಎರಡು ಕೊಂಡಿ ಸಿಗುತ್ತವೆ. ಅವು ಮಕ್ಕಳ ಸೀಟಿಗೆ ಅಂತಲೇ ಇರುವುದು, ಹೆಸರು ಐಸೋಫಿಕ್ಸ್. ಮೊಮ್ಮಗಳ ತೂಕ, ಎತ್ತರಕ್ಕೆ ಹೊಂದುವ ಸೀಟು ತಂದು ಅಲ್ಲಿ ಹಾಕಿ. ಹಿಂಬದಿಗೆ ಮುಖ ಮಾಡಿ ಕೂರಿಸುವ ಸೀಟನ್ನಂತೂ ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಹಾಕಲೇಬಾರದು, ಆ ಎಚ್ಚರಿಕೆಯ ಚಿತ್ರ ಸನ್‌ವೈಸರ್ ಮೇಲೇ ಇದೆ. ಮೊದಲ ಎರಡು ಮೂರು ಸಲ ಅಳುತ್ತಾಳೆ, ಅಳಲಿ. ಅಜ್ಜಿಯೋ ಅಜ್ಜನೋ ಹಿಂದೆ ಪಕ್ಕದಲ್ಲಿ ಕೂತರೆ ಬೇಗ ಒಗ್ಗಿಕೊಳ್ಳುತ್ತಾಳೆ. ಹಿಂದಿನ ಬಾಗಿಲು ತೆಗೆದು ಅದರ ಅಂಚಿನಲ್ಲಿರುವ ಚಿಕ್ಕ ಚೈಲ್ಡ್ ಲಾಕ್ ಕೂಡ ಹಾಕಿ, ಆಗ ಒಳಗಿನಿಂದ ಬಾಗಿಲು ತೆಗೆಯಲು ಬರುವುದಿಲ್ಲ.

ಪ್ರಶ್ನೆ: ರಿಮೋಟ್ ಕೀ ಬ್ಯಾಟರಿ ದಾರಿಯಲ್ಲಿ ಸತ್ತರೆ?
– ಓದುಗರು, ಚಳ್ಳಕೆರೆ

ಉತ್ತರ: ರಿಮೋಟಿನ ಒಳಗೇ ಒಂದು ಕಬ್ಬಿಣದ ಕೀ ಅಡಗಿರುತ್ತದೆ. ಪಕ್ಕದ ಚಿಕ್ಕ ಗುಂಡಿ ಜರುಗಿಸಿ ಎಳೆದರೆ ಬರುತ್ತದೆ, ಅದರಿಂದ ಡ್ರೈವರ್ ಬಾಗಿಲು ತೆಗೆಯಿರಿ. ಕೆಲವು ಕಾರುಗಳಲ್ಲಿ ಕೀ ತೂತು ಹ್ಯಾಂಡಲ್ ಬಳಿ ಮುಚ್ಚಳದ ಹಿಂದೆ ಇರುತ್ತದೆ. ಒಳಗೆ ಕೂತು ಬ್ರೇಕ್ ತುಳಿದು, ಗೇರ್ ಕಾರಾದರೆ ಕ್ಲಚ್ಚೂ ತುಳಿದು, ರಿಮೋಟನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಹೆಚ್ಚಿನ ಕಾರುಗಳು ಹೀಗೆ ಸ್ಟಾರ್ಟ್ ಆಗುತ್ತವೆ. ಕೆಲವದರಲ್ಲಿ ರಿಮೋಟ್ ಇಡಲು ಬೇರೆ ಜಾಗ ಇರುತ್ತದೆ, ಬುಕ್ಕಿನಲ್ಲಿ ಚಿತ್ರ ನೋಡಿ. ಮನೆ ಮುಂದೆ ಒಮ್ಮೆ ಆ ಕಬ್ಬಿಣದ ಕೀಯಿಂದಲೇ ಬಾಗಿಲು ತೆಗೆದು ನೋಡಿ. ಕೀಯಿಂದ ತೆಗೆದಾಗ ಕೆಲವು ಕಾರು ಸೈರನ್ ಹೊಡೆದುಕೊಳ್ಳುತ್ತವೆ, ಸ್ಟಾರ್ಟ್ ಆದ ಕೂಡಲೇ ನಿಲ್ಲುತ್ತದೆ.